ಬಾಡಿಗೆ ಕಟ್ಟಲಾಗದ ತಿಂಗಳು: ಕರ್ನಾಟಕದ ಕಡಿಮೆ ಆದಾಯದ ಬಾಡಿಗೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹೋಗಿ, ಕಾಯಿಲೆ ಬಂದು ಅಥವಾ ಮನೆಯಲ್ಲಿ ದುಡಿಯುವವರೊಬ್ಬರು ತೀರಿಹೋಗಿ ಬಾಡಿಗೆ ಬಾಕಿ ಬಿದ್ದ ಕುಟುಂಬಗಳಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ವಠಾರದ ಒಂದು ಕೋಣೆಯಲ್ಲಿರುವವರು, ಶೀಟ್ ಮನೆಯಲ್ಲಿರುವವರು, ಲೀಸ್‌ಗೆ ಮನೆ ಹಿಡಿದವರು ಎಲ್ಲರಿಗೂ ಇದು ಅನ್ವಯಿಸುತ್ತದೆ. ಉದಾಹರಣೆಗಳಲ್ಲಿ ಬೆಂಗಳೂರಿನವು ಹೆಚ್ಚಾಗಿದ್ದರೂ ಕಾನೂನು ಮತ್ತು ಯೋಜನೆಗಳು ಬಹುಮಟ್ಟಿಗೆ ಇಡೀ ರಾಜ್ಯಕ್ಕೆ ಸಂಬಂಧಿಸಿದವು. ಕಾನೂನಿನ ವಿಚಾರದಲ್ಲಿ ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ನಿಮ್ಮ ಪ್ರಕರಣಕ್ಕೆ ವಕೀಲರ ಸಲಹೆ ಬೇಕು, ಅದನ್ನು ಉಚಿತವಾಗಿ ಪಡೆಯುವ ದಾರಿಯನ್ನೂ ಕೆಳಗೆ ಹೇಳಲಾಗಿದೆ.

ಈ ತಿಂಗಳ ಬಾಡಿಗೆಗೆ ಹಣವಿಲ್ಲ. ಬಾಡಿಗೆ ಹಣವನ್ನೇ ಕೊಡುವ ಸರ್ಕಾರಿ ಯೋಜನೆ ಇದೆಯೇ?

ಎಲ್ಲ ಬಡ ಬಾಡಿಗೆದಾರರಿಗೂ ಅನ್ವಯಿಸುವಂಥ ಯೋಜನೆ ಕರ್ನಾಟಕದಲ್ಲಿ ಇಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು, ಏಕೆಂದರೆ "ಬಾಡಿಗೆ ಸಬ್ಸಿಡಿ ಅರ್ಜಿ" ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಿ ಜನ ಹಣ ಕಳೆದುಕೊಳ್ಳುತ್ತಾರೆ. ಸರ್ಕಾರ ಬಾಡಿಗೆಯ ಹೆಸರಿನಲ್ಲಿಯೇ ನೆರವು ನೀಡಿದ್ದು ವಿಪತ್ತಿನ ಸಂದರ್ಭಗಳಲ್ಲಿ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಮತ್ತು ಮಲೆನಾಡಿನಲ್ಲಿ ನೆರೆ ಬಂದಾಗ, ಮನೆ ಪೂರ್ತಿ ಕುಸಿದವರಿಗೆ ಹೊಸ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಹಾಗೂ ಅದು ಆಗುವವರೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ನೆರವನ್ನು ರಾಜ್ಯ ಸರ್ಕಾರ ಘೋಷಿಸಿತ್ತು. ಅದು ಮನೆ ಕಳೆದುಕೊಂಡವರಿಗೇ ಹೊರತು ಕೆಲಸ ಕಳೆದುಕೊಂಡವರಿಗಲ್ಲ.

ಲಾಕ್‌ಡೌನ್ ಕಾಲದಲ್ಲಿ ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಆದೇಶ ಹೊರಡಿಸಿ, ವಲಸೆ ಕಾರ್ಮಿಕರೂ ಸೇರಿದಂತೆ ದುಡಿಯುವವರಿಂದ ಒಂದು ತಿಂಗಳು ಬಾಡಿಗೆಗೆ ಒತ್ತಾಯಿಸಬಾರದು ಎಂದು ಮಾಲೀಕರಿಗೆ ಸೂಚಿಸಿತು. ಆದರೆ ಆ ಹಣವನ್ನು ಮಾಲೀಕರಿಗೆ ಯಾರು ತುಂಬಿಕೊಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಅದೇ ದಿನ ದೆಹಲಿಯ ಮುಖ್ಯಮಂತ್ರಿ, ಬಡ ಬಾಡಿಗೆದಾರರ ಬಾಡಿಗೆಯನ್ನು ಸರ್ಕಾರವೇ ಕಟ್ಟುತ್ತದೆ ಎಂದು ಭರವಸೆ ಕೊಟ್ಟರು. ಆ ಮಾತನ್ನು ಸರ್ಕಾರ ಉಳಿಸಿಕೊಳ್ಳಬೇಕೆಂದು 2021ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪು ನೀಡಿತು, ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ನಮ್ಮ ದೇಶದಲ್ಲಿ ಬಾಡಿಗೆ ನೆರವಿನ ಕಥೆ ಸದ್ಯಕ್ಕೆ ಇಷ್ಟೇ.

ಹಾಗಾದರೆ ದಾರಿಯೇ ಇಲ್ಲವೆಂದಲ್ಲ. ಒಂದೇ ಕಿಟಕಿಯಲ್ಲಿ ಸಿಗದ ನೆರವನ್ನು ನಾಲ್ಕು ಕಡೆಯಿಂದ ಕೂಡಿಸಿಕೊಳ್ಳಬೇಕಾಗುತ್ತದೆ: ಮಾಲೀಕರ ಬಳಿ ಇರುವ ನಿಮ್ಮದೇ ಮುಂಗಡ, ರಾತ್ರೋರಾತ್ರಿ ಹೊರಹಾಕದಂತೆ ತಡೆಯುವ ಕಾನೂನು, ಕೆಲಸದಿಂದ ನಿಮಗೆ ಬರಬೇಕಾದ ಬಾಕಿ, ಮತ್ತು ಮನೆಯ ಉಳಿದ ಖರ್ಚನ್ನು ಇಳಿಸುವ ಸರ್ಕಾರಿ ಯೋಜನೆಗಳು.

ಮಾಲೀಕರ ಜೊತೆ ಏನು ಮಾತನಾಡಬೇಕು?

ಬಾಡಿಗೆಯ ದಿನ ದಾಟಿದ ಮೇಲೆ ಫೋನ್ ಎತ್ತದೆ ತಪ್ಪಿಸಿಕೊಳ್ಳುವುದಕ್ಕಿಂತ, ದಿನ ಬರುವ ಮೊದಲೇ ಹೋಗಿ ಹೇಳುವುದು ಯಾವತ್ತಿಗೂ ಲೇಸು. ಹೆಚ್ಚಿನ ತಕರಾರುಗಳು ಹಣ ಬಾರದ್ದರಿಂದ ಹುಟ್ಟುವುದಕ್ಕಿಂತ, ಹಣ ಯಾವಾಗ ಬರುತ್ತದೆಂದು ತಿಳಿಯದ್ದರಿಂದ ಹುಟ್ಟುತ್ತವೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವ ಪದ್ಧತಿ ಬಹುಕಾಲದಿಂದ ಇದೆ, ಈಗ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. ಬಡ ಕುಟುಂಬವೊಂದರ ಬಹುದೊಡ್ಡ ಉಳಿತಾಯ ಎಷ್ಟೋ ಸಲ ಈ ಅಡ್ವಾನ್ಸೇ ಆಗಿರುತ್ತದೆ, ಮತ್ತು ಅದು ನಿಮ್ಮ ಹಣ. ಆದ್ದರಿಂದ ಹೊರಗೆ ಬಡ್ಡಿಗೆ ಸಾಲ ಮಾಡುವ ಮೊದಲು, ಒಂದೆರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು, ಮುಂದೆ ಕಂತುಗಳಲ್ಲಿ ಅದನ್ನು ತುಂಬಿಕೊಡುವುದಾಗಿ ಕೇಳಿ ನೋಡಬೇಕು. ಹೀಗೆ ಮುರಿದುಕೊಳ್ಳಲೇಬೇಕೆಂಬ ಕಾನೂನಿಲ್ಲ, ಮಾಲೀಕರ ಒಪ್ಪಿಗೆ ಬೇಕು. ಒಪ್ಪಿದರೆ ಯಾವ ಯಾವ ತಿಂಗಳಿನ ಬಾಡಿಗೆ ಮುರಿದಿದೆ, ಉಳಿದ ಅಡ್ವಾನ್ಸ್ ಎಷ್ಟು, ಎಂದಿನೊಳಗೆ ತುಂಬಬೇಕು ಎಂಬುದನ್ನು ಕರಾರು ಪತ್ರದ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಅದಕ್ಕೂ ಮುಜುಗರವಾದರೆ ಕನಿಷ್ಠ ವಾಟ್ಸ್‌ಆಪ್‌ನಲ್ಲಿ "ಇಂದು ಮಾತನಾಡಿದಂತೆ" ಎಂದು ಒಂದು ಸಂದೇಶ ಕಳಿಸಿ, ಅವರು ಒಪ್ಪಿದ ಉತ್ತರವನ್ನು ಉಳಿಸಿಕೊಳ್ಳಿ.

ಪೂರ್ತಿ ಹಣವಿಲ್ಲದಿದ್ದರೂ ಇದ್ದಷ್ಟನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕಳಿಸುವುದು ಒಳ್ಳೆಯದು. ಮುಂದೆ ವ್ಯಾಜ್ಯವಾದರೆ, ಕಟ್ಟುವ ಮನಸ್ಸಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಾಡಿಗೆ ಬಾಕಿಯಾದರೆ ಎಷ್ಟು ದಿನದಲ್ಲಿ ಮನೆ ಖಾಲಿ ಮಾಡಿಸಬಹುದು?

ಇದಕ್ಕೆ ಎರಡು ಬಗೆಯ ಕಾನೂನುಗಳಿವೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಬಾಡಿಗೆದಾರರಿಗೆ ಹೆಚ್ಚಿನ ರಕ್ಷಣೆ ಕೊಡುತ್ತದೆ. ಬಾಕಿ ಕಟ್ಟುವಂತೆ ಮಾಲೀಕರು ನೋಟಿಸ್ ಕೊಟ್ಟ ದಿನದಿಂದ ಎರಡು ತಿಂಗಳೊಳಗೆ ಪೂರ್ತಿ ಬಾಕಿ ಕಟ್ಟಿದರೆ, ಆ ಕಾರಣಕ್ಕೆ ತೆರವು ಕೇಳಲು ಬರುವುದಿಲ್ಲ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎರಡು ದಶಕದ ಹಿಂದೆ ಈ ಮಿತಿಗೆ ಅರ್ಥವಿತ್ತು. ಇಂದು ಬೆಂಗಳೂರಿನಲ್ಲಿ ಒಂದು ಕೋಣೆಯ ಶೀಟ್ ಮನೆಯೂ ಅದನ್ನು ದಾಟಿರುವುದರಿಂದ, ಬಡವರಿಗೆಂದೇ ಇರಬೇಕಾದ ರಕ್ಷಣೆ ಹೆಚ್ಚಿನ ಬಡವರಿಗೆ ಸಿಗದಂತಾಗಿದೆ.

ಉಳಿದವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 106ನೇ ಕಲಮಿನಂತೆ ಹದಿನೈದು ದಿನಗಳ ನೋಟಿಸ್ ಸಾಕು. ಇದನ್ನು ಓದಿ, ಹದಿನಾರನೆಯ ದಿನ ಬೀದಿಗೆ ಬೀಳುತ್ತೇವೆಂದು ಎಷ್ಟೋ ಮಂದಿ ಹೆದರುತ್ತಾರೆ. ನೋಟಿಸಿನ ಅವಧಿ ಮುಗಿಯುವುದೇ ಬೇರೆ, ಮನೆ ತೆರವಾಗುವುದೇ ಬೇರೆ. ನೀವಾಗಿಯೇ ಬಿಡದಿದ್ದರೆ ಮಾಲೀಕರು ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ನಿಮಗೆ ಸಮನ್ಸ್ ಬರಬೇಕು, ನಿಮ್ಮ ಮಾತು ಹೇಳಲು ಅವಕಾಶ ಸಿಗಬೇಕು, ಆಮೇಲೆ ಆದೇಶ, ಆದೇಶದ ಜಾರಿ. ಬಾಡಿಗೆ ಕಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಕರಾರು ರದ್ದಾಗಿ ದಾವೆ ಹೂಡಿದ್ದರೆ, ವಿಚಾರಣೆಯ ವೇಳೆ ಬಾಕಿಯನ್ನು ಬಡ್ಡಿ ಮತ್ತು ಖರ್ಚಿನ ಸಮೇತ ಕಟ್ಟಿದವರಿಗೆ ಮನೆಯಲ್ಲೇ ಮುಂದುವರಿಯಲು ಅವಕಾಶ ಕೊಡುವ ಅಧಿಕಾರ 114ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ಈ ಕಲಮು ಗೊತ್ತಿರುವ ಬಾಡಿಗೆದಾರರು ತೀರ ಕಡಿಮೆ.

ಸಮನ್ಸ್ ಬಂದ ಮೇಲೆ ನ್ಯಾಯಾಲಯಕ್ಕೆ ಹೋಗದೆ ಇರುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಆಗ ನಿಮ್ಮ ಗೈರುಹಾಜರಿಯಲ್ಲೇ ಏಕಪಕ್ಷೀಯ ಆದೇಶವಾಗುತ್ತದೆ.

ಈ ಸಮಯವನ್ನು ಬಾಡಿಗೆ ಕಟ್ಟದೆ ಎಳೆದಾಡಲು ಬಳಸಿಕೊಳ್ಳಿ ಎಂದು ಇಲ್ಲಿ ಹೇಳುತ್ತಿಲ್ಲ. ಬಾಕಿ ಬೆಳೆಯುತ್ತಲೇ ಹೋಗುತ್ತದೆ, ಮತ್ತು ಸಣ್ಣ ಮಾಲೀಕರಲ್ಲಿ ಆ ಬಾಡಿಗೆಯನ್ನೇ ನಂಬಿ ಬದುಕುವ ವಯಸ್ಸಾದವರೂ ಇದ್ದಾರೆ. ಸಮಯ ಸಿಗುವುದು ಬಾಕಿ ತೀರಿಸಲು ಅಥವಾ ಮರ್ಯಾದೆಯಿಂದ ಬೇರೆ ಮನೆಗೆ ಹೋಗಲು.

ಮಾಲೀಕರು ಬೀಗ ಹಾಕಿದ್ದಾರೆ, ಸಾಮಾನು ಹೊರಗೆ ಹಾಕಿದ್ದಾರೆ ಅಥವಾ ನೀರು, ವಿದ್ಯುತ್ ಕಡಿದಿದ್ದಾರೆ. ಏನು ಮಾಡಬೇಕು?

ಬಾಕಿ ಎಷ್ಟೇ ಇದ್ದರೂ ನ್ಯಾಯಾಲಯದ ಆದೇಶವಿಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ. ಕೂಡಲೇ 112ಕ್ಕೆ ಕರೆ ಮಾಡಿ, ಬೀಗದ ಮತ್ತು ಸಾಮಾನಿನ ಫೋಟೊ, ವಿಡಿಯೊ ತೆಗೆದಿಟ್ಟುಕೊಂಡು, ಠಾಣೆಗೆ ಲಿಖಿತ ದೂರು ಕೊಡಿ. "ಇದು ಸಿವಿಲ್ ವಿಚಾರ, ಕೋರ್ಟಿಗೆ ಹೋಗಿ" ಎಂಬ ಮಾತು ಠಾಣೆಯಲ್ಲಿ ಕೇಳಿಬರುವುದು ಹೊಸದೇನಲ್ಲ. ಬಾಕಿ ವಸೂಲಿ ಸಿವಿಲ್ ವಿಚಾರವೇ ಸರಿ, ಆದರೆ ಮನೆಗೆ ನುಗ್ಗುವುದು, ಬೆದರಿಸುವುದು, ಕೈ ಮಾಡುವುದು, ಸಾಮಾನು ಹಾಳು ಮಾಡುವುದು ಅಪರಾಧಗಳು. ದೂರಿನಲ್ಲಿ ಬಾಡಿಗೆಯ ಕಥೆಯನ್ನು ಉದ್ದಕ್ಕೆ ಬರೆಯುವ ಬದಲು ಈ ಕೃತ್ಯಗಳನ್ನು ದಿನ, ಹೊತ್ತು ಸಮೇತ ಬರೆಯಬೇಕು ಮತ್ತು ದೂರಿಗೆ ಸ್ವೀಕೃತಿ ಪಡೆಯದೆ ಹಿಂತಿರುಗಬಾರದು. ಪೊಲೀಸರಿಗೂ ತಾವಾಗಿ ಮನೆ ಖಾಲಿ ಮಾಡಿಸುವ ಅಧಿಕಾರವಿಲ್ಲ.

ಮನೆಯಿಂದ ಈಗಾಗಲೇ ಹೊರಬಿದ್ದಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ನೆರವಿಗೆ ಬರುತ್ತದೆ. ಕಾನೂನಿನ ಕ್ರಮವಿಲ್ಲದೆ ಸ್ಥಿರ ಸ್ವತ್ತಿನ ಸ್ವಾಧೀನ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿದರೆ, ಮಾಲೀಕತ್ವ ಯಾರದು ಎಂಬ ಚರ್ಚೆಗೆ ಹೋಗದೆ ಸ್ವಾಧೀನವನ್ನು ಮರಳಿ ಕೊಡಿಸಬಹುದು. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ. ಇನ್ನೂ ಮನೆಯಲ್ಲೇ ಇದ್ದು ಹೊರಹಾಕುವ ಬೆದರಿಕೆ ಇದ್ದರೆ, ತಡೆಯಾಜ್ಞೆ ಕೋರಿ ಅರ್ಜಿ ಹಾಕಬಹುದು.

ವಕೀಲರಿಗೆ ಕೊಡಲು ಹಣವಿಲ್ಲ. ಉಚಿತ ಕಾನೂನು ನೆರವು ನಿಜವಾಗಿಯೂ ಸಿಗುತ್ತದೆಯೇ?

ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ವಿಪತ್ತಿಗೆ ತುತ್ತಾದವರು ಆದಾಯ ಎಷ್ಟೇ ಇದ್ದರೂ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ಕರಾರು ಪತ್ರ ಗಂಡಸಿನ ಹೆಸರಿನಲ್ಲಿದ್ದು ಆದಾಯ ಮಿತಿ ಅಡ್ಡಬಂದರೆ, ಅದೇ ಮನೆಯಲ್ಲಿರುವ ಪತ್ನಿ ಅಥವಾ ತಾಯಿಯ ಹೆಸರಿನಲ್ಲಿ ಅರ್ಜಿ ಹಾಕಲು ಸಾಧ್ಯವೇ ಎಂದು ಪ್ರಾಧಿಕಾರದಲ್ಲೇ ಕೇಳಬಹುದು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಸಮಿತಿ ಇರುತ್ತದೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ರಾಷ್ಟ್ರೀಯ ಸಹಾಯವಾಣಿ 15100 ಆಗಿರುವುದರಿಂದ ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ಕನ್ನಡಿಗರೂ ಅದನ್ನು ಬಳಸಬಹುದು.

ಬಾಕಿ ಬಾಡಿಗೆ ಮತ್ತು ಅಡ್ವಾನ್ಸ್ ವಾಪಸಾತಿಯ ಜಗಳಗಳಿಗೆ, ರಾಜಿಯ ಮೂಲಕ ವ್ಯಾಜ್ಯ ಮುಗಿಸುವ ಲೋಕ ಅದಾಲತ್ ಹೆಚ್ಚು ಹೊಂದುತ್ತದೆ. ದಾವೆ ಹೂಡುವ ಮೊದಲೇ ಅರ್ಜಿ ಕೊಡಬಹುದು, ನ್ಯಾಯಾಲಯ ಶುಲ್ಕವಿಲ್ಲ, ರಾಜಿಯಾದರೆ ಅದಕ್ಕೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ, ಬೆಲೆ ಇರುತ್ತದೆ. ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲದ ಕಾರಣ, ನೆರವೇರಿಸಲಾಗದ ಗಡುವಿಗೆ ಒಪ್ಪಿ ಸಹಿ ಹಾಕಬಾರದು.

ನಮಗೆ ಕರಾರು ಪತ್ರವೇ ಇಲ್ಲ, ಬಾಡಿಗೆಯನ್ನು ಕೈಯಲ್ಲೇ ಕೊಡುತ್ತಿದ್ದೇವೆ. ನಾವು ಬಾಡಿಗೆದಾರರೆಂದು ತೋರಿಸುವುದು ಹೇಗೆ?

ಬಾಯಿಮಾತಿನ ಬಾಡಿಗೆಯೂ ಕಾನೂನಿನ ಕಣ್ಣಿನಲ್ಲಿ ಬಾಡಿಗೆಯೇ. ಗ್ಯಾಸ್ ಸಂಪರ್ಕದ ಪುಸ್ತಕ, ಮಕ್ಕಳ ಶಾಲೆಯ ದಾಖಲೆ, ಆಧಾರ್ ವಿಳಾಸ, ಮಾಲೀಕರೊಂದಿಗಿನ ಸಂದೇಶಗಳು, ಅಕ್ಕಪಕ್ಕದವರ ಹೇಳಿಕೆ ಇವೆಲ್ಲ ಸಾಕ್ಷಿಯಾಗುತ್ತವೆ. ಮುಂದಿನ ತಿಂಗಳಿನಿಂದಲಾದರೂ ಬಾಡಿಗೆಯನ್ನು ಯುಪಿಐನಲ್ಲಿ ಕಳಿಸಿ, ವಿವರದ ಜಾಗದಲ್ಲಿ ತಿಂಗಳ ಹೆಸರು ಬರೆಯಿರಿ. ಮಾಲೀಕರು ಹಣ ತೆಗೆದುಕೊಳ್ಳಲು ಒಪ್ಪದೆ, ಬಾಕಿ ತೋರಿಸುವ ಉದ್ದೇಶ ಇಟ್ಟುಕೊಂಡಿದ್ದಾರೆಂಬ ಅನುಮಾನವಿದ್ದರೆ ಅಂಚೆ ಮನಿಯಾರ್ಡರ್ ಮಾಡಿ, ಅದು ತಿರಸ್ಕೃತವಾಗಿ ಮರಳಿದರೂ ರಸೀದಿಯನ್ನು ಜೋಪಾನವಾಗಿಡಿ.

ಹನ್ನೊಂದು ತಿಂಗಳ ಕರಾರನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಲು ಆಗುವ ಖರ್ಚು ಕೆಲವು ನೂರು ರೂಪಾಯಿ. ಅದನ್ನು ಉಳಿಸಲು ಹೋಗಬೇಡಿ. ಈ ಪುಟದಲ್ಲಿ ಹೇಳಿರುವ ಅರ್ಧದಷ್ಟು ನೆರವು ಕೈಗೆಟುಕುವುದು ಆ ಒಂದು ಕಾಗದದಿಂದ.

ಬಾಡಿಗೆ ಬಿಟ್ಟು ಉಳಿದ ಖರ್ಚನ್ನು ಇಳಿಸಲು ಯಾವ ಯೋಜನೆಗಳಿವೆ?

ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ, ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿಯ ಮಿತಿಯೊಳಗೆ, ವಿದ್ಯುತ್ ಉಚಿತ. ವಿದ್ಯುತ್ ಬಿಲ್ಲಿನಲ್ಲಿರುವ ಮೀಟರಿನ ಆರ್‌ಆರ್ ಸಂಖ್ಯೆಯನ್ನು ನಿಮ್ಮ ಆಧಾರ್‌ಗೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಜೋಡಿಸಬೇಕು, ಆ ವಿಳಾಸದಲ್ಲಿದ್ದೀರಿ ಎಂಬುದಕ್ಕೆ ಕರಾರು ಪತ್ರ ಬೇಕಾಗುತ್ತದೆ. ಮನೆ ಬದಲಿಸಿದಾಗ ಹಳೆಯ ಮನೆಯ ಜೋಡಣೆಯನ್ನು ಬಿಡಿಸಿಕೊಂಡರಷ್ಟೇ ಹೊಸ ಮನೆಗೆ ಸಿಗುತ್ತದೆ. ಹಿಂದಿನ ಬಾಡಿಗೆದಾರರು ಬಿಡಿಸದೆ ಹೋಗಿದ್ದರೆ ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಕಚೇರಿಯಲ್ಲಿ ವಿಚಾರಿಸಿ. ಒಂದೇ ಮೀಟರಿನಲ್ಲಿ ನಾಲ್ಕು ಮನೆಗಳಿರುವ ವಠಾರಗಳಲ್ಲಿ ಮಾತ್ರ ಈ ಸೌಲಭ್ಯ ದಕ್ಕುವುದು ಕಷ್ಟ, ಮತ್ತು ಅಂಥಲ್ಲಿಯೇ ಕಡುಬಡವರು ಹೆಚ್ಚು.

ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವ ಮಹಿಳೆಗೆ ಬರುತ್ತದೆ, ಮನೆ ಸ್ವಂತದ್ದೇ ಬಾಡಿಗೆಯದೇ ಎಂಬ ಭೇದವಿಲ್ಲ. ಪಡಿತರ ಚೀಟಿ ಊರಿನಲ್ಲಿದ್ದರೂ ನಗರದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವರಲ್ಲಿ ಇದನ್ನು ತಿಳಿಯದೆ ಅಂಗಡಿ ಅಕ್ಕಿ ಕೊಳ್ಳುವವರು ಇನ್ನೂ ಇದ್ದಾರೆ.

ಕೆಲಸ ಹೋಗಿದೆ. ಎಲ್ಲಿಂದ ಹಣ ಬರಬಹುದು?

ಮೊದಲು ಬರಬೇಕಾದ ಕೂಲಿಯನ್ನು ಕೇಳಿ. ಕೆಲಸದಿಂದ ತೆಗೆದುಹಾಕಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬುದು ಕಾನೂನು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ತಿಳಿಸಬಹುದು, ಅಥವಾ ನಿಮ್ಮ ವೃತ್ತದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು.

ಭವಿಷ್ಯನಿಧಿ ಕಡಿತವಾಗುತ್ತಿದ್ದವರು, ಉದಾಹರಣೆಗೆ ಗಾರ್ಮೆಂಟ್ಸ್ ಕೆಲಸದವರು, ಕೆಲಸ ಬಿಟ್ಟ ಮೇಲೆ ಖಾತೆಯ ಶೇ 75ರಷ್ಟನ್ನು ತೆಗೆಯಬಹುದು. ಭವಿಷ್ಯನಿಧಿ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಾಗಿರಬೇಕು. ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ಅರ್ಜಿ ತಿರಸ್ಕೃತವಾಗುವುದರಿಂದ, ಕೆಲಸದಲ್ಲಿರುವಾಗಲೇ ಅದನ್ನು ಸರಿಪಡಿಸಿಕೊಂಡಿರುವುದು ಜಾಣತನ. ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದವರಿಗೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ, ಜೀವಮಾನದಲ್ಲಿ ಒಮ್ಮೆ, 90 ದಿನಗಳವರೆಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಪರಿಹಾರ ಸಿಗುವ ಅವಕಾಶವಿದೆ. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸಲಾಗುತ್ತಿರುವುದರಿಂದ, ಅರ್ಜಿ ಹಾಕುವ ಮೊದಲು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಗಾರೆ, ಸೆಂಟ್ರಿಂಗ್, ಪೇಂಟಿಂಗ್, ಪ್ಲಂಬಿಂಗ್ ಮುಂತಾದ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ಅರ್ಹರು. ಮಂಡಳಿ ಬಾಡಿಗೆ ಕೊಡುವುದಿಲ್ಲ, ಆದರೆ ಬಾಡಿಗೆ ಹಣವನ್ನು ನುಂಗಿಹಾಕುವ ಆಸ್ಪತ್ರೆ, ಹೆರಿಗೆ, ಅಪಘಾತ, ಮಕ್ಕಳ ಓದಿನ ಖರ್ಚುಗಳಿಗೆ ಸಹಾಯಧನ ಕೊಡುತ್ತದೆ.

ಬಾಡಿಗೆ ಕಟ್ಟಲು ಸಾಲ ಮಾಡಬಹುದೇ?

ದಿನಬಡ್ಡಿ, ಮೀಟರ್ ಬಡ್ಡಿ ಮತ್ತು ಮೊಬೈಲ್ ಆ್ಯಪ್ ಸಾಲ ಬೇಡವೇ ಬೇಡ. ಬಾಡಿಗೆ ಪ್ರತಿ ತಿಂಗಳೂ ಬರುವ ಖರ್ಚು, ಈ ತಿಂಗಳ ಸಾಲ ಮುಂದಿನ ತಿಂಗಳ ಬಾಡಿಗೆಯ ಜೊತೆ ಸೇರಿಕೊಳ್ಳುತ್ತದೆ. ಅನಿವಾರ್ಯವಾದರೆ ಸ್ತ್ರೀಶಕ್ತಿ ಸಂಘ ಅಥವಾ ಸ್ವಸಹಾಯ ಸಂಘದ ಉಳಿತಾಯದಿಂದ ಪಡೆಯುವುದು ಮೇಲು. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲವಿದೆ, 2025ರಲ್ಲಿ ಅದರ ಮೊದಲ ಕಂತನ್ನು 15,000 ರೂಪಾಯಿಗೆ ಏರಿಸಲಾಗಿದೆ. ಆದರೆ ಅದು ವ್ಯಾಪಾರದ ಬಂಡವಾಳಕ್ಕೆ ಕೊಡುವ ಹಣ ಎಂಬುದು ನೆನಪಿರಲಿ. ಈಗಾಗಲೇ ಸಾಲದಲ್ಲಿದ್ದು ವಸೂಲಿಯವರು ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುತ್ತಿದ್ದರೆ, ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಡಿ ಪೊಲೀಸರಿಗೆ ದೂರು ನೀಡಬಹುದು.

ಗಂಡ ಅಥವಾ ಅತ್ತೆಮನೆಯವರು ಹೊರಹಾಕಿದ್ದಾರೆ. ಬಾಡಿಗೆ ಮನೆ ಮಾಡಿಕೊಳ್ಳಲು ನೆರವಿದೆಯೇ?

ಇದೆ, ಮತ್ತು ಇಲ್ಲಿ ಕಾನೂನು ಬಾಡಿಗೆಯ ಮಾತನ್ನು ನೇರವಾಗಿಯೇ ಆಡುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯಂತೆ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗಿದೆ, ಆ ಮನೆ ಯಾರ ಹೆಸರಿನಲ್ಲೇ ಇರಲಿ, ಬಾಡಿಗೆಯದೇ ಆಗಿರಲಿ. 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆಕೆಯನ್ನು ಹೊರಹಾಕದಂತೆ ಆದೇಶಿಸಬಹುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡುವಂತೆ ಅಥವಾ ಅದರ ಬಾಡಿಗೆ ಕಟ್ಟುವಂತೆ ಎದುರಾಳಿಗೆ ಆದೇಶಿಸಬಹುದು. ಅರ್ಜಿ ಹಾಕಲು ಪ್ರತಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ನೆರವು ಸಿಗುತ್ತದೆ.

ಆದೇಶ ಬರುವವರೆಗೆ ತಂಗಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಸಂಪರ್ಕ ಕೊಡುತ್ತಾರೆ, ಅಲ್ಲಿ ಕೆಲವು ದಿನ ಇರಲು ಜಾಗ, ವೈದ್ಯಕೀಯ ಮತ್ತು ಪೊಲೀಸ್ ನೆರವು ಒಂದೆಡೆ ಸಿಗುತ್ತದೆ. ಹೆಚ್ಚು ಕಾಲ ಇರಬೇಕಾದವರಿಗೆ ಶಕ್ತಿ ಸದನಗಳಿವೆ, ಕೆಲಸಕ್ಕೆ ಹೋಗುವ ಮಹಿಳೆಯರಿಗೆ ಸಖಿ ನಿವಾಸಗಳಿವೆ.

ಇಂದು ರಾತ್ರಿ ಮಲಗಲು ಜಾಗವಿಲ್ಲ.

ನಗರ ಸಂಸ್ಥೆಗಳು ನಡೆಸುವ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಹೋಗಬಹುದು. ಲಕ್ಷ ಜನಸಂಖ್ಯೆಗೆ ನೂರು ಮಂದಿ ತಂಗುವಷ್ಟು ಜಾಗ ಇರಬೇಕೆಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾನದಂಡವಾಗಿತ್ತು, ವಾಸ್ತವ ಅದಕ್ಕಿಂತ ಬಹಳ ಹಿಂದಿದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೇಂದ್ರಗಳಿರುವುದರಿಂದ ಕುಟುಂಬಗಳು ಒಟ್ಟಿಗೆ ಇರುವುದು ಕಷ್ಟವಾಗಬಹುದು, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಮಕ್ಕಳು ಜೊತೆಗಿದ್ದರೆ ಅಥವಾ ಮಕ್ಕಳೇ ಒಂಟಿಯಾಗಿದ್ದರೆ 1098, ಹಿರಿಯ ನಾಗರಿಕರಾದರೆ 14567 ಸಂಖ್ಯೆಗೆ ಕರೆ ಮಾಡಿ.

ಮಗ ಓದಲು ಪಟ್ಟಣದಲ್ಲಿದ್ದಾನೆ, ಹಾಸ್ಟೆಲ್ ಸಿಗಲಿಲ್ಲ. ಕೋಣೆಯ ಬಾಡಿಗೆಗೆ ಸಹಾಯ ಸಿಗುತ್ತದೆಯೇ?

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಯೋಜನೆ ಇದಕ್ಕೆಂದೇ ಇದೆ. ಮೆಟ್ರಿಕ್ ನಂತರದ ಓದಿನಲ್ಲಿದ್ದು ಸರ್ಕಾರಿ ಹಾಸ್ಟೆಲ್ ಸಿಗದ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳ ನೆರವನ್ನು ಗೊತ್ತುಪಡಿಸಲಾಗಿದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಗಡುವಿನೊಳಗೆ ಅರ್ಜಿ ಹಾಕಬೇಕು.

ಲೀಸ್‌ಗೆ ಮನೆ ಹಿಡಿದಿದ್ದೆವು. ಮಾಲೀಕರು ಸಾಲ ಕಟ್ಟಿಲ್ಲವೆಂದು ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ.

ಇಡುಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ ಲೀಸ್ ಪದ್ಧತಿ, ತಿಂಗಳ ಬಾಡಿಗೆಯ ಕಾಟ ಬೇಡವೆನ್ನುವ ಕೆಳ ಮಧ್ಯಮ ಮತ್ತು ಬಡ ಕುಟುಂಬಗಳಿಗೆ ಆಕರ್ಷಕವಾಗಿ ಕಾಣುತ್ತದೆ. ಊರಿನ ಜಮೀನು ಮಾರಿದ, ಒಡವೆ ಅಡವಿಟ್ಟ ಹಣ ಅದರಲ್ಲಿರುತ್ತದೆ. ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ತೆಗೆದು ಕಟ್ಟದೆ ಹೋದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬರುತ್ತದೆ. ಆಗ ಲೀಸ್‌ದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು; ಬಾಡಿಗೆದಾರರ ಹಕ್ಕನ್ನು ಪರಿಶೀಲಿಸುವ ಅವಕಾಶವನ್ನು 2016ರ ತಿದ್ದುಪಡಿ ಸೇರಿಸಿದೆ. ನಿಮ್ಮ ಕರಾರು ಅಡಮಾನಕ್ಕಿಂತ ಹಿಂದಿನದೇ, ನೋಂದಣಿಯಾಗಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯ. ಖರ್ಚು ಉಳಿಸಲು ಸಾದಾ ಸ್ಟಾಂಪ್ ಕಾಗದದಲ್ಲಿ ಮುಗಿಸಿದವರ ಸ್ಥಿತಿ ಇಲ್ಲಿ ತೀರಾ ದುರ್ಬಲ. ನೋಟಿಸ್ ಕಂಡ ದಿನವೇ ಕಾನೂನು ನೆರವು ಪಡೆಯಿರಿ, ಈ ಕಾಯ್ದೆಯಲ್ಲಿ ಗಡುವುಗಳು ಚಿಕ್ಕವು.

ಹೊಸದಾಗಿ ಲೀಸ್‌ಗೆ ಹೋಗುವವರು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡದೆ ಹಣ ಕೊಡಬಾರದು. ಹಣ ಕೊಡುವುದು ಮಾಲೀಕರ ಖಾತೆಗೇ ಆಗಬೇಕು. ನಡುವೆ ಒಂದು ಕಂಪನಿ ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು ನಿಮಗೆ ಲೀಸ್‌ಗೆ ಕೊಡುತ್ತೇನೆಂದರೆ, ಆ ಕಂಪನಿ ಬಾಡಿಗೆ ನಿಲ್ಲಿಸಿದ ದಿನ ಮಾಲೀಕರು ನಿಮ್ಮ ಬಾಗಿಲು ತಟ್ಟುತ್ತಾರೆ.

ಸರ್ಕಾರದಿಂದ ಸ್ವಂತ ಮನೆ ಪಡೆಯಲು ಏನು ಮಾಡಬೇಕು?

ಇದು ವರ್ಷಗಟ್ಟಲೆ ಹಿಡಿಯುವ ಕೆಲಸ, ಈ ತಿಂಗಳ ಬಾಡಿಗೆಗೆ ಉತ್ತರವಲ್ಲ. ಆದರೂ ಅರ್ಜಿ ಹಾಕಿಟ್ಟಿರಬೇಕು. 2024ರ ಸೆಪ್ಟೆಂಬರ್‌ನಿಂದ ಐದು ವರ್ಷಗಳಿಗೆ ಜಾರಿಯಾಗಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ, ವಾರ್ಷಿಕ ಆದಾಯ 3 ಲಕ್ಷದವರೆಗಿನವರು ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗಿನವರು ಕಡಿಮೆ ಆದಾಯದ ವರ್ಗ. ದೇಶದಲ್ಲಿ ಎಲ್ಲಿಯೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಕೈಗೆಟುಕುವ ಬಾಡಿಗೆ ಮನೆಗಳನ್ನು ಕಟ್ಟಿಸುವುದೂ ಈ ಯೋಜನೆಯ ಒಂದು ಭಾಗ. ಬಾಡಿಗೆದಾರರಿಗೆ ಹೆಚ್ಚು ಬೇಕಾದದ್ದು ಅದೇ ಆದರೂ ನಮ್ಮಲ್ಲಿ ಕಡಿಮೆ ಕೇಳಿಬರುವುದೂ ಅದೇ.

ರಾಜ್ಯದ ವಸತಿ ಯೋಜನೆಗಳನ್ನು ರಾಜೀವ್ ಗಾಂಧಿ ವಸತಿ ನಿಗಮ ನೋಡಿಕೊಳ್ಳುತ್ತದೆ. ಪಟ್ಟಣಗಳಲ್ಲಿ ಫಲಾನುಭವಿಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ, ಹಳ್ಳಿಗಳಲ್ಲಿ ಗ್ರಾಮಸಭೆಯಲ್ಲಿ ಆಗುತ್ತದೆ. ಊರಿನಲ್ಲಿ ಹೆಸರಿದ್ದು ನಗರದಲ್ಲಿ ಬಾಡಿಗೆಗಿರುವವರು ಗ್ರಾಮಸಭೆಯ ದಿನ ಊರಿಗೆ ಹೋಗಿ ಪಟ್ಟಿಯನ್ನು ಕಣ್ಣಾರೆ ನೋಡಿ ಬರುವುದು ಒಳಿತು. ಘೋಷಿತ ಕೊಳೆಗೇರಿಯಲ್ಲಿರುವವರು ಕೊಳಗೇರಿ ಅಭಿವೃದ್ಧಿ ಮಂಡಳಿಯನ್ನು ವಿಚಾರಿಸಬೇಕು, ಅಲ್ಲಿನ ಸಮೀಕ್ಷೆಗಳಲ್ಲಿ ಮನೆಯ ಒಡೆಯರ ಹೆಸರಷ್ಟೇ ದಾಖಲಾಗಿ ಬಾಡಿಗೆದಾರರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಒಬ್ಬರು 20,000 ರೂಪಾಯಿ ಕೊಟ್ಟರೆ ಮನೆ ಮಂಜೂರು ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?

ಕೊಡಬಾರದು. ಫಲಾನುಭವಿಯ ಪಾಲಿನ ಹಣ ಕಟ್ಟಬೇಕಾದ ಯೋಜನೆಗಳಲ್ಲೂ ಅದು ನಿಗಮ ಅಥವಾ ಮಂಡಳಿಯ ಬ್ಯಾಂಕ್ ಖಾತೆಗೆ ರಸೀದಿ ಸಮೇತ ಹೋಗುತ್ತದೆಯೇ ಹೊರತು ಯಾರದೋ ಫೋನ್ ನಂಬರಿಗೆ ಹೋಗುವುದಿಲ್ಲ. ನಿಮ್ಮ ಅರ್ಜಿ ಎಲ್ಲಿದೆ, ಆಯ್ಕೆ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, ಬಿಪಿಎಲ್ ಕಾರ್ಡುದಾರರಿಗೆ ಆ ಶುಲ್ಕವೂ ಇಲ್ಲ. ಈಗಾಗಲೇ ಹಣ ಕೊಟ್ಟಿದ್ದರೆ, ಕೊಟ್ಟ ದಾಖಲೆ ಮತ್ತು ಕರೆಗಳ ವಿವರ ಇಟ್ಟುಕೊಂಡು ಪೊಲೀಸರಿಗೆ ದೂರು ನೀಡಿ. ಆನ್‌ಲೈನ್ ಮೂಲಕ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಇನ್ನೂ ವಂಚಕರ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯಲು ಆಗ ಸಾಧ್ಯ.